ಲೋಯ್ಜೆಯ ಹತ್ತು ಗಜದ ಸರಪಳಿ

ನಮ್ಮೂರಿನ ಫುಟ್‌ಬಾಲ್ ತಂಡವನ್ನು ಕೊಂಡೊಯ್ದರು. ಚೆಂಡು, ತಲೆಗವಸು, ಬೆಂಚು, ಸ್ನಾನದ ಟವೆಲ್ಲು, ಕ್ರೀಡಾಂಗಣದ ಹೆಬ್ಬಾಗಿಲ ಮೇಲೆ ನಲವತ್ತು ವರ್ಷ ನೇತಾಡಿದ್ದ ಕಬ್ಬಿಣದ ಸುತ್ತಿಗೆ, ಎಲ್ಲವನ್ನೂ ಲಾರಿಗಳಿಗೆ ಹೇರಿಕೊಂಡು ದಕ್ಷಿಣಕ್ಕೆ ಹೋದರು. ಅಷ್ಟಕ್ಕೂ ಸುಮ್ಮನಾಗಲಿಲ್ಲ. ಹೋಗಿ ಎರಡು ತಿಂಗಳಾದ ಮೇಲೆ ನಮ್ಮ ಸಂತ ಬಾರ್ಬರಾ ಚರ್ಚಿನ ಮೇಲ್ವಿಚಾರಕ ಲೋಯ್ಜೆ ಜುಪಾನನಿಗೆ ಒಂದು ಕಾಗದ ಬರೆದರು. ತಂಡದ ಸ್ವತ್ತುಗಳ ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕನೆಯದಾದ ಅಳತೆಯ ಸರಪಳಿ ತಮ್ಮ ವಶದಲ್ಲಿದೆ ಎಂದು ತಿಳಿದುಬಂದಿದ್ದು, ಅದನ್ನು ಕೂಡಲೇ ಹಿಂದಿರುಗಿಸತಕ್ಕದ್ದು ಎಂದು.

ಲೋಯ್ಜೆಯ ಹೆಂಡತಿ ಸ್ಟೆಫ್ಕಾ ಅದನ್ನು ಚರ್ಚಿನ ಅಡುಗೆಮನೆಗೆ ತಂದು ನಮಗೆಲ್ಲ ಓದಿ ಹೇಳಿದಳು. ನಾವು ಶುಕ್ರವಾರದ ಸೂಪಿಗೆ ಆಲೂಗಡ್ಡೆ ಸುಲಿಯುತ್ತಿದ್ದೆವು.

"ಹಿಂದಿರುಗಿಸ್ಬೇಕಂತೆ! ಕೊಟ್ಟೋರಿಗಲ್ವೇನ್ರೇ ಹಿಂದಿರುಗ್ಸೋದು? ಇವ್ರು ಯಾವತ್ತು ಕೊಟ್ಟಿದ್ರು?" ಎಂದು ಕಾಗದವನ್ನು ಸಿಪ್ಪೆಯ ರಾಶಿಯ ಮೇಲೆ ಎಸೆದಳು. ಆಮೇಲೆ ತಾನೇ ಎತ್ತಿ ಒರೆಸಿದಳು. ಲೋಯ್ಜೆ ಉತ್ತರ ಬರೆಯದೆ ಬಿಡುವ ಮನುಷ್ಯನಲ್ಲ ಎಂದು ಅವಳಿಗೆ ಗೊತ್ತಿತ್ತು.

ಆ ಕಾಗದ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಈ ಉರಿಗಾಗಿ ಎಷ್ಟೋ ಸಲ ದೇವರಲ್ಲಿ ಕ್ಷಮೆ ಕೇಳಿದ್ದೇನೆ. ಕ್ಷಮೆ ಸಿಕ್ಕಿರಬಹುದು, ಉರಿ ಮಾತ್ರ ಹೋಗಿಲ್ಲ.

ನಮ್ಮ ಪೋರ್ಟ್ ಆಲ್ಡೆನ್ ಊರಿನಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಎದೆಗವುಚಿಕೊಂಡು ನುಗ್ಗುವ ಆಟ. ನಾಲ್ಕು ಸಲ ನುಗ್ಗುವುದರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಹತ್ತು ಗಜ ಆಯಿತೋ ಇಲ್ಲವೋ ಎಂಬ ಅನುಮಾನ ಬಂದಾಗ ಮೈದಾನದ ಅಂಚಿನಿಂದ ಇಬ್ಬರು ಒಂದು ಸರಪಳಿಯನ್ನು ತರುತ್ತಾರೆ. ಅದರ ಎರಡು ತುದಿಗೂ ಒಂದೊಂದು ಕೋಲು. ಹಿಂದಿನ ಕೋಲನ್ನು ಹೊರಟ ಜಾಗದಲ್ಲಿಟ್ಟು, ಸರಪಳಿ ಬಿಗಿಯಾಗುವ ತನಕ ಎಳೆದು ಮುಂದಿನ ಕೋಲನ್ನು ಊರುತ್ತಾರೆ. ಚೆಂಡಿನ ಮೂತಿ ಕೋಲನ್ನು ಮುಟ್ಟಿತೋ ಇಲ್ಲವೋ, ಅಷ್ಟೇ. ಆ ಮುಂದಿನ ಕೋಲು ಇಪ್ಪತ್ತೇಳು ವರ್ಷ ಲೋಯ್ಜೆಯ ಕೈಯಲ್ಲಿತ್ತು.

ಸರಪಳಿ ಮಾಡಿದವರು ಅವನ ಅಪ್ಪ ಫ್ರಾಂಟ್ಸ್ ಮತ್ತವನ ಜೊತೆಯ ಕೆಲಸಗಾರರು. ನಲವತ್ತಾರರಲ್ಲಿ ಹ್ಯಾಮರ್ಸ್ ತಂಡ ಶುರುವಾದಾಗ ಆಟಗಾರರಿಗೆ ಸರಿಯಾದ ಬೂಟುಗಳೂ ಇರಲಿಲ್ಲ. ಅಳತೆಗೆ ಬಟ್ಟೆ ಒಣಹಾಕುವ ಹಗ್ಗ ಬಳಸುತ್ತಿದ್ದರು. ಮಳೆ ಬಂದರೆ ಅದು ಕುಗ್ಗುತ್ತಿತ್ತು. ಹಡಗುಗಳಿಗೆ ಲಂಗರಿನ ಸರಪಳಿ ಮಾಡುತ್ತಿದ್ದ ನಮ್ಮೂರಿನ ಕಾರ್ಖಾನೆಯ ಗಂಡಸರಿಗೆ ಇದು ಅವಮಾನವೆನಿಸಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು, ತುಂಡು ಕಬ್ಬಿಣದಿಂದ ನೂರ ಎಪ್ಪತ್ತೆಂಟು ಕೊಂಡಿ ಬೆಸೆದರು. ಕೋಲುಗಳಿಗೆ ಸಿಕ್ಕಿಸಲು ಎರಡು ತುದಿಗೆ ಎರಡು ಬಳೆ. ತಂಡದವರು ಹಣ ಕೊಡಲು ಬಂದರೆ ಫ್ರಾಂಟ್ಸ್ ಅವರನ್ನು ಬಾಗಿಲಿನಿಂದಲೇ ಕಳಿಸಿದನಂತೆ. "ಆಟದ ದಿನ ತರ್ತೀನಿ, ಆಟ ಮುಗಿದ್ಮೇಲೆ ಒಯ್ತೀನಿ. ನಮ್ಮ ಸಾಮಾನು ನಮ್ಮತ್ರ ಇರ್ಲಿ."

ಸರೋವರದ ದಂಡೆಯ ಕ್ರೀಡಾಂಗಣದಲ್ಲಿ ಇಟ್ಟರೆ ತುಕ್ಕು ಹಿಡಿಯುತ್ತದೆಂದು ಸರಪಳಿ ಚರ್ಚಿನಲ್ಲೇ ಉಳಿಯಿತು, ಫಾದರ್ ಅವರ ನಿಲುವಂಗಿಗಳ ಕಪಾಟಿನ ಕೆಳಗಿನ ಖಾನೆಯಲ್ಲಿ. ಪ್ರತಿವರ್ಷ ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಬೆಳಿಗ್ಗೆ ಅದನ್ನು ಹೊರತೆಗೆದು ಎಣ್ಣೆ ಹಚ್ಚಿ, ಚರ್ಚಿನ ನಡುದಾರಿಯಲ್ಲಿ ಹಾಸಿ ಅಳೆಯುತ್ತಿದ್ದರು. ಅಲ್ಲಿ ಕಲ್ಲುಹಾಸಿನ ಸಂದಿಗಳಲ್ಲಿ ಸರಿಯಾಗಿ ಹತ್ತು ಗಜದ ಅಂತರಕ್ಕೆ ಫ್ರಾಂಟ್ಸ್ ಎರಡು ಹಿತ್ತಾಳೆ ಮೊಳೆ ಹೊಡೆದಿದ್ದ. ಶನಿವಾರ ಈಸ್ಟರ್ ಬುಟ್ಟಿಗಳಿಗೆ ಆಶೀರ್ವಾದ ಆಗುವಾಗ ಹೊಗೆಯಾಡಿಸಿದ ಹಂದಿ ತೊಡೆ, ಬಣ್ಣದ ಮೊಟ್ಟೆ, ಮೂಗಿಗೇರುವ ಖಾರದ ಬೇರು, ಅಕ್ರೋಟು ಸುತ್ತಿದ ಸಿಹಿ ಬ್ರೆಡ್ಡು, ಇವುಗಳ ಮಧ್ಯೆ ಸರಪಳಿಯೂ ಮೇಜಿನ ಮೇಲೆ ಸುರುಳಿ ಸುತ್ತಿಕೊಂಡು ಕೂರುತ್ತಿತ್ತು. ಪವಿತ್ರ ಜಲ ಬಿದ್ದ ಮೇಲೆ ಮುಂದಿನ ಈಸ್ಟರ್‌ವರೆಗೆ ಯಾರೂ ಅದನ್ನು ಅಳೆಯುತ್ತಿರಲಿಲ್ಲ. ಅಳೆದರೆ ಆಶೀರ್ವಾದವನ್ನೇ ಅನುಮಾನಿಸಿದ ಹಾಗೆ ಎಂಬುದು ನಮ್ಮವರ ಭಾವನೆ. ಯಾರು ಹೇಳಿಕೊಟ್ಟರೋ ತಿಳಿಯದು, ಯಾವ ಫಾದರೂ ಹೇಳಿಕೊಟ್ಟಿರಲಿಲ್ಲ.

ಐವತ್ತೆಂಟರಲ್ಲಿ ಅಪ್ಪನ ಶ್ವಾಸಕೋಶ ಕೆಟ್ಟಾಗ ಕೋಲು ಲೋಯ್ಜೆಯ ಕೈಗೆ ಬಂತು. ಅವನಿಗೂ ಅದೇ ಕಾರ್ಖಾನೆಯಲ್ಲಿ ಕೆಲಸ, ಕೊಂಡಿಗಳನ್ನು ಪರೀಕ್ಷೆ ಮಾಡುವುದು. ಮಾತು ಕಡಿಮೆ, ಉದ್ದನೆಯ ಮನುಷ್ಯ. ಸರಪಳಿ ಹಿಡಿದವನು ಯಾರ ಪರವಾಗಿಯೂ ಕೂಗಬಾರದು, ಚಪ್ಪಾಳೆ ತಟ್ಟಬಾರದು, ಮುಖದಲ್ಲೂ ಏನನ್ನೂ ತೋರಿಸಬಾರದು ಎಂಬುದು ನಿಯಮ. ಅವನ ಜಾಗವಾದರೂ ಎಲ್ಲಿ? ಎದುರಾಳಿಗಳ ಬೆಂಚಿನ ಪಕ್ಕ. ಅವರ ಬೈಗುಳಗಳನ್ನೆಲ್ಲ ಕೇಳಿಸಿಕೊಂಡು, ಹಿಂದೆ ಅರವತ್ತು ಸಾವಿರ ಜನ ಗಂಟಲು ಹರಿಯುವ ಹಾಗೆ ಅರಚುತ್ತಿದ್ದರೂ ಇವನು ಕಂಬದ ಹಾಗೆ ನಿಂತಿರುತ್ತಿದ್ದ.

"ಊರಲ್ಲೆಲ್ಲ ಎಲ್ರಿಗಿಂತ ಹತ್ರದಿಂದ ಆಟ ನೋಡೋನು ನನ್ನ ಗಂಡ. ಮನೆಗ್ಬಂದು ಏನಾಯ್ತು ಅಂತ ಕೇಳಿದ್ರೆ 'ಚಳಿ ಇತ್ತು' ಅಂತಾನೆ" ಎಂದು ಸ್ಟೆಫ್ಕಾ ನಗುತ್ತಿದ್ದಳು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕಾರ್ಖಾನೆ ಮುಚ್ಚಿತು. ಲೋಯ್ಜೆ ಚರ್ಚಿನ ಕೆಲಸಕ್ಕೆ ಬಂದ. ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ಬಾಯ್ಲರ್ ನೋಡಿಕೊಳ್ಳುವುದು. ಆ ವರ್ಷ ತಂಡ ಮಾತ್ರ ಹಿಂದೆಂದೂ ಆಡದ ಹಾಗೆ ಆಡಿತು. ಕೆಲಸ ಕಳೆದುಕೊಂಡ ಜನರೇ ಸಲಿಕೆ ಹಿಡಿದು ಪ್ರತಿ ಆಟದ ಬೆಳಿಗ್ಗೆ ಕ್ರೀಡಾಂಗಣದ ಹಿಮ ತೆಗೆಯುತ್ತಿದ್ದರು. ನಾವು ಹೆಂಗಸರು ಕೊಳಗದಲ್ಲಿ ಬಿಸಿ ಸೂಪು ಹೊರುತ್ತಿದ್ದೆವು. ಡಿಸೆಂಬರಿನ ಕೊನೆಯ ಆಟ. ಗೆದ್ದರೆ ಅಂತಿಮ ಪಂದ್ಯ. ಒಂದೇ ನಿಮಿಷ ಉಳಿದಿತ್ತು. ನಮ್ಮವರು ನಾಲ್ಕನೆಯ ಸಲ ನುಗ್ಗಿದರು. ಸರಪಳಿ ಬಂತು. ಲೋಯ್ಜೆ ಎಳೆದು ಕೋಲು ಊರಿದ.

ಚೆಂಡು ಕೋಲಿಗಿಂತ ಒಂದು ಬೆರಳು ಹಿಂದಿತ್ತು.

ನಾವು ಸೋತೆವು. ಕಟುಕನ ಅಂಗಡಿಯ ರೂಡಿ ಮ್ಲಾಕರ್, ಲೋಯ್ಜೆಯ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ಮಾರನೆಯ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಅವನನ್ನು ತಡೆದ.

"ಕೋಲನ್ನ ಒಂದ್ ಚೂರು ವಾಲಿಸಿದ್ರೆ ನಿನ್ನ ಗಂಟೇನೋ ಹೋಗ್ತಿತ್ತು?"

"ವಾಲಿಸೋಕಾಗಲ್ಲ ರೂಡಿ."

"ಆಗಲ್ಲಾಂತೆ! ಕಾರ್ಖಾನೆ ಹೋಯ್ತು, ಇದೂ ಹೋಯ್ತು. ನಿನಗೆ ನಿನ್ನ ಸರಪಳೀನೇ ದೊಡ್ದು, ಕಟ್ಕೊಂಡು ಸಾಯಿ."

ಅಂದಿನಿಂದ ಆರು ವರ್ಷ ಅವರಿಬ್ಬರ ಮಧ್ಯೆ ಮಾತಿಲ್ಲ. ಸ್ಟೆಫ್ಕಾ ಅಂಗಡಿಗೆ ಹೋದರೆ ರೂಡಿ ಒಂದು ಸಾಸೇಜು ಹೆಚ್ಚಿಗೆ ಸುತ್ತಿಕೊಟ್ಟು, "ಇದು ನಿನಗೆ. ಆ ಸರಪಳಿಯೋನಿಗೆ ಸಿಪ್ಪೆನೂ ತೋರಿಸ್ಬೇಡ" ಎನ್ನುತ್ತಿದ್ದ.

ಎಂಬತ್ತೊಂದರಲ್ಲಿ ಹ್ಯಾಲೋವೆಲ್ ಎಂಬಾತ ತಂಡವನ್ನು ಕೊಂಡ. ಎಂಬತ್ತೈದರ ಸೆಪ್ಟೆಂಬರಿನಲ್ಲಿ ನಮ್ಮ ಚರ್ಚಿನ ಸಭಾಂಗಣಕ್ಕೆ ಬಂದು ರೂಡಿಯ ಸಾಸೇಜನ್ನು ಎರಡು ತಟ್ಟೆ ತಿಂದ. ಲೋಯ್ಜೆಯ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡ. ತಾನು ಬದುಕಿರುವ ತನಕ ತಂಡ ಈ ಊರು ಬಿಟ್ಟು ಕದಲುವುದಿಲ್ಲ ಎಂದು ಎಲ್ಲರೆದುರು ಹೇಳಿದ. ನಾವು ಎದ್ದು ನಿಂತು ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ನವೆಂಬರಿನಲ್ಲಿ ತಂಡ ದಕ್ಷಿಣಕ್ಕೆ, ಚಾವಣಿಯಿರುವ ಹೊಸ ಕ್ರೀಡಾಂಗಣಕ್ಕೆ ಹೋಗುತ್ತದೆ ಎಂದು ಟಿವಿಯಲ್ಲಿ ಸಾರಿದ. ನವೆಂಬರಿನಲ್ಲಿ ಅವನು ಬದುಕಿಯೇ ಇದ್ದ, ಗಟ್ಟಿಮುಟ್ಟಾಗಿದ್ದ.

ಕೊನೆಯ ಆಟದ ದಿನ ಜನ ತಮ್ಮ ತಮ್ಮ ಕುರ್ಚಿ ಬಿಚ್ಚಿಕೊಂಡು ಮನೆಗೆ ಹೊತ್ತರು. ಕೆಲವರು ಹುಲ್ಲು ಕಿತ್ತು ಜೇಬಿಗೆ ತುಂಬಿದರು. ಲೋಯ್ಜೆ ಏನನ್ನೂ ಕೀಳಲಿಲ್ಲ. ಸೀಟಿ ಊದಿದ ಮೇಲೆ ಎಂದಿನ ಹಾಗೆ ಸರಪಳಿ ಒರೆಸಿ, ತನ್ನ ಹಳೇ ಕ್ಯಾನ್ವಾಸ್ ಚೀಲಕ್ಕೆ ಹಾಕಿ, ಕೋಲುಗಳನ್ನು ಹೆಗಲಿಗಿಟ್ಟುಕೊಂಡು ಚರ್ಚಿನ ದಾರಿ ಹಿಡಿದ.

ಇಷ್ಟಾದ ಮೇಲೆ ಬಂದದ್ದು ಆ ಕಾಗದ.

ಲೋಯ್ಜೆ ಉತ್ತರ ಬರೆದ. "ಸರಪಳಿ ತಂಡದ್ದಲ್ಲ. ಕೋಲುಗಳು ತಂಡದವು. ಕೋಲುಗಳನ್ನು ಕಳಿಸುತ್ತಿದ್ದೇನೆ." ಗೋಣಿಯಲ್ಲಿ ಸುತ್ತಿ ಕೋಲುಗಳನ್ನು ನಿಜಕ್ಕೂ ಕಳಿಸಿದ. ಸ್ಟೆಫ್ಕಾ ಎರಡು ದಿನ ಅವನೊಡನೆ ಮಾತಾಡಲಿಲ್ಲ. "ಸಾಗಿಸೋ ಖರ್ಚೂ ನಮ್ದೇ ಅಂತೆ! ಸಂತನ್ನ ಕಟ್ಕೊಂಡಿದೀನಿ ನಾನು" ಎಂದು ನನ್ನೆದುರು ಗೊಣಗಿದಳು.

ಅಷ್ಟರಲ್ಲಿ ಪತ್ರಿಕೆಯಲ್ಲಿ ಬಂತು. ಹೊಸ ಕ್ರೀಡಾಂಗಣದ ಬಾಗಿಲಲ್ಲೇ ಒಂದು ಗಾಜಿನ ಪೆಟ್ಟಿಗೆ ಮಾಡಿಸಿದ್ದಾರೆ. ಅದರಲ್ಲಿ ನಮ್ಮ ಸರಪಳಿ ಇಡುತ್ತಾರಂತೆ. 'ನಲವತ್ತು ವರ್ಷ ಸುಳ್ಳು ಹೇಳದ ಸರಪಳಿ' ಎಂದು ಕೆಳಗೆ ಹಿತ್ತಾಳೆಯಲ್ಲಿ ಕೆತ್ತಿಸುತ್ತಾರಂತೆ. ನಮ್ಮ ಪ್ರಾಮಾಣಿಕತೆಯನ್ನೂ ಸಾಮಾನಿನ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದರು.

ಪವಿತ್ರ ಶನಿವಾರ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಮೇಜಿನ ತುಂಬ ಬುಟ್ಟಿಗಳು. ನಾನು ಕಸೂತಿ ಬಟ್ಟೆಗಳನ್ನು ಸರಿಪಡಿಸುತ್ತಿದ್ದೆ. ಲೋಯ್ಜೆ ಸರಪಳಿ ತಂದು ರೂಡಿಯ ದೊಡ್ಡ ಹಂದಿ ತೊಡೆಯ ಪಕ್ಕ ಸುತ್ತಿಟ್ಟ. ರೂಡಿ ಮುಖ ತಿರುಗಿಸಿದ. ಫಾದರ್ ಇಗ್ನಾಸ್ ಜಲ ಚಿಮುಕಿಸಿ ಮುಗಿಸಿದ್ದರಷ್ಟೆ, ತೆಳು ಬಣ್ಣದ ಕೋಟು ತೊಟ್ಟ ಒಬ್ಬ ಯುವಕ ನಡುದಾರಿಯಲ್ಲಿ ಬಂದ. ಮುಖ ಬಿಸಿಲಿಗೆ ಕೆಂಪಾಗಿತ್ತು. ಮಾರ್ಚಿನಲ್ಲಿ ನಮ್ಮೂರಿನ ಯಾರ ಮುಖವೂ ಹಾಗಿರುವುದಿಲ್ಲ. ಎಲ್ಲಿಂದ ಬಂದವನೆಂದು ಕೇಳಬೇಕಾಗಲಿಲ್ಲ. ತಂಡದ ವಕೀಲ, ಹೆಸರು ಕಿಂಬಲ್ ಎಂದ. ಹೊರಗೆ ವ್ಯಾನು ನಿಂತಿತ್ತು.

"ಮಿಸ್ಟರ್ ಜುಪಾನ್ ಯಾರು? ಸರಪಳಿ ತಗೊಂಡು ಹೋಗೋಕೆ ಬಂದಿದೀನಿ. ಸಂಜೆ ವಿಮಾನ ಇದೆ ನನಗೆ."

"ಈಗಷ್ಟೇ ಆಶೀರ್ವಾದ ಆಗಿದೆ. ಆಶೀರ್ವಾದ ಆದದ್ದನ್ನ ಹೊರಗಿನೋರಿಗೆ ಕೊಡೋ ಪದ್ಧತಿ ನಮ್ಮಲ್ಲಿಲ್ಲ" ಎಂದರು ಫಾದರ್.

"ಫಾದರ್, ಕ್ಷಮಿಸಿ, ಮಾಂಸ ಮೊಟ್ಟೆ ನೀವೇ ಇಟ್ಕೊಳ್ಳಿ. ನನಗೆ ಸ್ವತ್ತಿನ ಪಟ್ಟಿ ಇದೆ. ಕೊಡದಿದ್ರೆ ಕಳ್ಳತನ ಅಂತ ದೂರು ಕೊಡ್ಬೇಕಾಗತ್ತೆ."

ಕಳ್ಳತನ ಎಂಬ ಮಾತು ಬಿದ್ದೊಡನೆ ಜನ ಗುಜುಗುಜು ಎಂದರು. ಎಂಬತ್ತು ದಾಟಿದ ಮಿಟ್ಸಿ ಅಜ್ಜಿ ಊರುಗೋಲು ಕುಟ್ಟಿ, "ಯಾರೋ ಕಳ್ಳ? ನನ್ನ ಗಂಡ ಅದರಲ್ಲಿ ಹನ್ನೊಂದು ಕೊಂಡಿ ಬೆಸೆದಿದಾನೆ ಕಣೋ, ಊಟ ಬಿಟ್ಟು! ನಿಮ್ಮ ಮಾಲೀಕ ಒಂದ್ ಕೊಂಡಿ ಬೆಸೆದಿದ್ರೆ ತೋರ್ಸು" ಎಂದಳು.

ಸ್ಟೆಫ್ಕಾ ಗಂಡನ ಹತ್ತಿರ ಸರಿದು ಪಿಸುಗುಟ್ಟಿದಳು. ಪಿಸುಗುಟ್ಟಿದರೂ ಅವಳ ದನಿ ಮೂರು ಬೆಂಚು ದಾಟುತ್ತದೆ. "ಕಪಾಟಲ್ಲಿ ಆ ಅಭ್ಯಾಸದ ಸರಪಳಿ ಇದ್ಯಲ್ಲ, ಅಂಗಡೀಲಿ ಕೊಂಡದ್ದು. ಅದನ್ನ ಕೊಟ್ಟು ಕಳ್ಸು. ಇವನಿಗೇನ್ ಗೊತ್ತಾಗತ್ತೆ?"

ಕಿಂಬಲ್ ಮುಗುಳ್ನಕ್ಕ. "ಮಿಸ್ಟರ್ ಜುಪಾನ್ ಸುಳ್ಳು ಹೇಳಲ್ಲ ಅಂತ ಎಲ್ರೂ ಹೇಳ್ತಾರೆ. ಅವರನ್ನೇ ಕೇಳ್ತೀನಿ. ಆಟದಲ್ಲಿ ಬಳಸ್ತಿದ್ದ ಸರಪಳಿ ಇದೇನಾ?"

ಆ ಪ್ರಶ್ನೆ ನನಗೆ ಅಸಹ್ಯವೆನಿಸಿತು. ಒಬ್ಬನ ಸತ್ಯವನ್ನೇ ಕುತ್ತಿಗೆಪಟ್ಟಿ ಮಾಡಿ ಅವನನ್ನು ಎಳೆಯುವ ಹಾಗಿತ್ತು.

"ಇದೇ" ಎಂದ ಲೋಯ್ಜೆ.

ಸ್ಟೆಫ್ಕಾ ಹಣೆ ಚಚ್ಚಿಕೊಂಡಳು. ಕಿಂಬಲ್ ಸರಪಳಿಗೆ ಕೈ ಹಾಕಿದ. ಆಗ ಲೋಯ್ಜೆ ಕೋಟಿನ ಒಳಜೇಬಿನಿಂದ ಒಂದು ಕಬ್ಬಿಣದ ಬಳೆ ತೆಗೆದು ಅದರ ಪಕ್ಕದಲ್ಲಿಟ್ಟ. ಜೇಬಿಗೆ ಉಜ್ಜಿ ಉಜ್ಜಿ ಅದು ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಇದನ್ನೂ ತಗೊಂಡು ಹೋಗಿ. ಎರಡೂ ಸೇರಿದ್ರೇನೇ ಪೂರ್ತಿ."

"ಏನಿದು?"

ಲೋಯ್ಜೆ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ವಕೀಲನಿಗೆ ಉತ್ತರ ಹೇಳುತ್ತಿದ್ದರೂ ನೋಡುತ್ತಿದ್ದದ್ದು ರೂಡಿಯನ್ನು.

"ಎಪ್ಪತ್ತೊಂಬತ್ತರಲ್ಲಿ ಕಾರ್ಖಾನೆ ಮುಚ್ಚಿದ ದಿನ ಅಪ್ಪನ ಮೇಜಿಂದ ಇದನ್ನ ನೆನಪಿಗೇಂತ ತಂದೆ. ಸರಪಳೀಲಿ ಇರ್ಲಿ ಅಂತ ಮುಂದಿನ ತುದಿ ಬಳೆ ಬಿಚ್ಚಿ ಇದನ್ನ ಹಾಕ್ದೆ. ಇದು ಹಳೇದಕ್ಕಿಂತ ಎರಡು ಬೆರಳು ಉದ್ದ. ಆಶೀರ್ವಾದ ಆಗೋಗಿತ್ತಲ್ಲ, ಅಳೀಲಿಲ್ಲ. ಆ ವರ್ಷ ಪೂರ್ತಿ ಹಂಗೇ ಆಡಿದ್ರು. ಮುಂದಿನ ಈಸ್ಟರ್‌ಗೆ ಮೊಳೆ ಮೇಲೆ ಇಟ್ಟಾಗ ಗೊತ್ತಾಯ್ತು. ಹಳೇ ಬಳೆ ವಾಪಸ್ ಹಾಕ್ದೆ. ಯಾರಿಗೂ ಹೇಳ್ಲಿಲ್ಲ."

ಫಾದರ್ ಇಗ್ನಾಸ್ ತಲೆ ತಗ್ಗಿಸಿದರು. ಅವರಿಗೆ ಮೊದಲೇ ತಿಳಿದಿತ್ತೆಂದು ನನಗೆ ಅನ್ನಿಸಿತು. ಪಾಪನಿವೇದನೆಯಲ್ಲಿ ತಿಳಿದದ್ದಿರಬೇಕು, ಅದು ಕೇಳುವಂಥದ್ದಲ್ಲ. ಸ್ಟೆಫ್ಕಾ ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದಳು. ಪಾಪ, ಅವಳಿಗೂ ಗೊತ್ತಿರಲಿಲ್ಲ.

"ಗಾಜಿನ ಪೆಟ್ಟಿಗೆ ಮೇಲೆ ಇದನ್ನೂ ಬರೆಸ್ಬೇಕು" ಎಂದ ಲೋಯ್ಜೆ. "ಇದು ಒಂದು ವರ್ಷ ಸುಳ್ಳು ಹೇಳಿದೆ, ಡಿಸೆಂಬರಿನ ಆ ಆಟದಲ್ಲೂ ಹೇಳಿದೆ ಅಂತ. ನೀವು ಬರೆಸ್ದೆ ಇದ್ರೆ ನಾನು ಪತ್ರಿಕೆಗಳಿಗೆ ಬರೀತೀನಿ. ಸುಳ್ಳಿನ ಮೇಲೆ ನಮ್ಮಪ್ಪನ ಸರಪಳಿ ಇಡೋಕೆ ಬಿಡಲ್ಲ."

ಕಿಂಬಲ್ ಬಳೆಯನ್ನು ನೋಡಿದ, ಲೋಯ್ಜೆಯನ್ನು ನೋಡಿದ. ಮುಖದ ಕೆಂಪು ಇಳಿದಿತ್ತು. "ಆ ಆಟ ಗೆದ್ದವರು ಇವತ್ತಿಗೂ ನಮ್ಮ ಲೀಗಲ್ಲೇ ಇದಾರೆ, ಗೆಲುವೇ ಸುಳ್ಳು ಅಂದ್ರೆ ಸುಮ್ಮನಿರಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಫೋನೆಲ್ಲಿದೆ ಎಂದು ಕೇಳಿ ಫಾದರ್ ಅವರ ಕೋಣೆಗೆ ಹೋದ. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. "ಇಲ್ಲ ಸರ್... ಬರೀತಾನೆ ಸರ್, ಬರೆಯೋ ಜಾತಿ ಮನುಷ್ಯ... ಹೌದು ಸರ್, ಕೋಲು ಸಾಕು" ಎಂಬುದೆಲ್ಲ ನಮಗೆ ಕೇಳಿಸುತ್ತಿತ್ತು.

ಹೊರಬಂದು ಪಟ್ಟಿಯ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದ. "ಇನ್ನೂರ ಹದಿನಾಲ್ಕು ತಪ್ಪಾಗಿ ಸೇರಿತ್ತಂತೆ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ."

"ಹನ್ನೊಂದು ಕೊಂಡಿ!" ಎಂದು ಮಿಟ್ಸಿ ಅಜ್ಜಿ ಅವನ ಬೆನ್ನಿಗೆ ಕೂಗಿದಳು. "ನಿಮ್ಮ ಮಾಲೀಕನಿಗೆ ಹೇಳು!"

ಹಾಗೆ ಸರಪಳಿ ಉಳಿಯಿತು. ಆದರೆ ಯಾರೂ ಸಂತೋಷಪಡಲಿಲ್ಲ, ಎಲ್ಲರ ಕಣ್ಣೂ ಆ ಬಳೆಯ ಮೇಲಿತ್ತು. ಕಡೆಗೆ ರೂಡಿ ಬಾಯಿ ಬಿಟ್ಟ. ಆರು ವರ್ಷದ ಮೇಲೆ ಲೋಯ್ಜೆಗೆ ಆಡಿದ ಮೊದಲ ಮಾತು.

"ಒಂದು ಬೆರಳು ಹಿಂದಿತ್ತು ಚೆಂಡು."

"ಹೂಂ."

"ಸರಪಳಿ ಎರಡು ಬೆರಳು ಉದ್ದ ಇತ್ತು."

"ಹೂಂ."

"ಅಂದ್ರೆ ಅವತ್ತು ನಮ್ದು ಹತ್ತು ಗಜ ಆಗಿತ್ತು."

"ಆಗಿತ್ತು ರೂಡಿ."

"ಥೂ ನಿನ್ನ! ಗೊತ್ತಿದ್ದೂ ಬಾಯಿ ಹೊಲ್ಕೊಂಡಿದ್ಯಲ್ಲೋ! ನಾನು ಆಟಗಾರರನ್ನ ಬೈದೆ, ನಿನ್ನ ಬೈದೆ, ದೇವ್ರನ್ನೂ ಬೈದೆ. ನಿನ್ನೊಬ್ಬನ್ನ ಬೈದಿದ್ರೆ ಸಾಕಿತ್ತಲ್ಲೋ!" ರೂಡಿ ಒಂದು ಹೆಜ್ಜೆ ಮುಂದಿಟ್ಟ. ಅವನು ಹೊಡೆದೇಬಿಡುತ್ತಾನೆಂದು ನಾನು ಶಿಲುಬೆಯ ಗುರುತು ಮಾಡಿಕೊಂಡೆ. ಲೋಯ್ಜೆ ಕದಲಲಿಲ್ಲ. ಹೊಡೆದರೆ ಹೊಡೆಸಿಕೊಳ್ಳುವವನ ಹಾಗೆ ಕೈಗಳನ್ನು ಇಳಿಬಿಟ್ಟು ನಿಂತಿದ್ದ.

ರೂಡಿ ತಿರುಗಿ ತನ್ನ ಹಂದಿ ತೊಡೆಯನ್ನು ಬುಟ್ಟಿಯಿಂದ ಎತ್ತಿಕೊಂಡ. ಬಟ್ಟೆ ಸುತ್ತಿ, ಎದೆಗವುಚಿಕೊಂಡು ನಡುದಾರಿಗೆ ಬಂದ.

"ಹಾಸು" ಎಂದ. "ಮೊದ್ಲು ಆ ಹಾಳು ಬಳೆ ಹಾಕಿ ಹಾಸು."

ಕೋಲುಗಳು ದಕ್ಷಿಣಕ್ಕೆ ಹೋಗಿದ್ದವಲ್ಲ. ಫಾದರ್ ಇಗ್ನಾಸ್ ಮೆರವಣಿಗೆಯ ಎರಡು ಉದ್ದನೆಯ ದೀಪದ ಕಂಬಗಳನ್ನು ತಂದುಕೊಟ್ಟರು. ಲೋಯ್ಜೆ ಬಳೆ ಬದಲಿಸಿ, ಹಿಂದಿನ ಕಂಬವನ್ನು ಹಿತ್ತಾಳೆ ಮೊಳೆಯ ಮೇಲಿಟ್ಟು ಸ್ಟೆಫ್ಕಾಳ ಕೈಗೆ ಕೊಟ್ಟ. ಸರಪಳಿ ಬಿಗಿಯಾಯಿತು. ಮುಂದಿನ ಕಂಬ ಇನ್ನೊಂದು ಮೊಳೆಗಿಂತ ಎರಡು ಬೆರಳು ಆಚೆ ನಿಂತಿತು. ರೂಡಿ ಮಂಡಿಯೂರಿ, ಹಂದಿ ತೊಡೆಯ ಚೂಪು ತುದಿಯನ್ನು ಕಂಬಕ್ಕಿಂತ ಒಂದು ಬೆರಳು ಹಿಂದೆ ಇಟ್ಟ. ಆ ಒಂದು ಬೆರಳು ಊರಿನ ಎಲ್ಲರಿಗೂ ಬಾಯಿಪಾಠ, ಯಾರೂ ತಿದ್ದಬೇಕಾಗಲಿಲ್ಲ.

"ಈಗ ಸರಿಯಾದ್ದು ಹಾಕು."

ಲೋಯ್ಜೆ ಹಳೇ ಬಳೆ ಹಾಕಿದ. ಕೊಕ್ಕೆ ಎರಡು ಸಲ ತಪ್ಪಿತು. ಮತ್ತೆ ಎಳೆದು ಕಂಬ ಊರಿದ. ಕಂಬ ಸರಿಯಾಗಿ ಮೊಳೆಯ ಮೇಲೆ ನಿಂತಿತು. ಹಂದಿ ತೊಡೆಯ ತುದಿ ಅದನ್ನು ದಾಟಿ ಒಂದು ಬೆರಳು ಮುಂದಿತ್ತು.

ಲೋಯ್ಜೆ ಬಗ್ಗಿ ನೋಡಿದ. ನೆಟ್ಟಗೆ ನಿಂತ. ಆಮೇಲೆ ಆ ಉದ್ದನೆಯ, ಮಾತಿಲ್ಲದ ಮನುಷ್ಯ ಆಟದ ತೀರ್ಪುಗಾರರ ಹಾಗೆ ತೋಳನ್ನು ಬಲಿಪೀಠದ ಕಡೆಗೆ ನೇರ ಚಾಚಿ, ಇಪ್ಪತ್ತೇಳು ವರ್ಷ ಅದುಮಿಟ್ಟದ್ದನ್ನೆಲ್ಲ ಸೇರಿಸಿ ಕೂಗಿದ.

"ಆಯ್ತು! ಹತ್ತು ಗಜ ಆಯ್ತು!"

ಬುಟ್ಟಿಗಳ ಮೊಟ್ಟೆಗಳು ಅದುರಿದವು. ಮಿಟ್ಸಿ ಅಜ್ಜಿ ಊರುಗೋಲು ಎತ್ತಿದಳು. ಜನ ಅರಚಿದರು, ನಾನೂ ಅರಚಿದೆ, ಚರ್ಚಿನೊಳಗೆ, ಪವಿತ್ರ ಶನಿವಾರ. ಫಾದರ್ ತಡೆಯಲಿಲ್ಲ. ತೆರೆದ ಬಾಗಿಲಿನಾಚೆ, ಬೀದಿಯ ಕೊನೆಯಲ್ಲಿ, ಕ್ರೀಡಾಂಗಣದ ಸುತ್ತಿಗೆಯಿಲ್ಲದ ಆ ಹೆಬ್ಬಾಗಿಲು ಕಾಣುತ್ತಿತ್ತು.

ರೂಡಿ ಎದ್ದು ಮಂಡಿಯ ಧೂಳು ಕೊಡವಿದ.

"ಫಾದರ್, ಇದನ್ನ ನೆಲಕ್ಕಿಟ್ಟಿದೀನಿ. ಇನ್ನೊಂದ್ಸಲ ನೀರು ಚಿಮುಕಿಸಿಬಿಡಿ" ಎಂದ. ಮತ್ತೆ ಲೋಯ್ಜೆಯ ಕಡೆ ತಿರುಗಿದ. "ನಿನ್ನನ್ನ ಕ್ಷಮಿಸಿಲ್ಲ ನಾನು, ತಿಳೀತಾ? ನಾಳೆ ಊಟಕ್ಕೆ ಬಾ. ಕೂರಿಸ್ಕೊಂಡು ಬೈತೀನಿ."

"ಎಷ್ಟು ಗಂಟೆಗೆ?" ಎಂದು ಕೇಳಿದ ಲೋಯ್ಜೆ.